ಸೋಮವಾರಕ್ಕೆ ಕಟ್ಟಿಟ್ಟ ನೀರು

ಬಕೆಟ್ಟು ಬಿಳಿಯದು. ಒಳಗೆ ಹತ್ತು ಲೀಟರಿನ ಮಟ್ಟಕ್ಕೆ ಕಪ್ಪು ಗೆರೆ ಎಳೆದಿದ್ದರು. ಅದರ ಜೊತೆ ಒಂದು ಸ್ಟಾಪ್‌ವಾಚು, ಒಂದು ರಿಜಿಸ್ಟರು, ನನ್ನ ಫೋಟೋ ಇದ್ದ ಗುರುತಿನ ಚೀಟಿ. ಕಂಪನಿಯ ಸಂಪರ್ಕಾಧಿಕಾರಿ ಅವನ್ನೆಲ್ಲ ನಮ್ಮನೆ ಜಗಲಿಯ ಮೇಲೆ ಒಂದೊಂದಾಗಿ ಇಟ್ಟ ದಿನ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದೆ. ಐವತ್ತೆರಡು ವರ್ಷಕ್ಕೆ ಮೊದಲ ಬಾರಿ ಮನೆಯ ಹೊರಗಿನ ಕೆಲಸವೊಂದು ನನ್ನ ಹೆಸರಿಗೆ ಬಂದಿತ್ತು. ಒಳ್ಳೆಯ ಕೆಲಸ ಎಂದೇ ನಂಬಿದ್ದೆ.

ನಮ್ಮದು ಕಾನಸೂರಿನಿಂದ ಒಳಗೆ, ಗುಡ್ಡದ ಬುಡದಲ್ಲಿ ಹನ್ನೊಂದು ಮನೆಗಳ ಕೇರಿ. ಇಲ್ಲಿ ಬಾವಿ ತೋಡಿದವರು ಕಡಿಮೆ. ಗುಡ್ಡದಲ್ಲಿ ಹುಟ್ಟುವ ಒರತೆಯ ನೀರೇ ಪೈಪಿನಲ್ಲಿ ಇಳಿದು ಮನೆಯ ಹಿತ್ತಿಲಿಗೆ ಬಂದು ಬೀಳುತ್ತದೆ. ಅದಕ್ಕೆ ಅಬ್ಬಿ ಎನ್ನುತ್ತೇವೆ. ಅಂಥ ಅಬ್ಬಿ ಏಳು. ಅವಕ್ಕೆ ನಲ್ಲಿ ಇಲ್ಲ, ಹಗಲು ರಾತ್ರಿ ಬೀಳುತ್ತಲೇ ಇರುತ್ತವೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ತವರಿಗೆ ಹೋದರೆ ಆ ಸದ್ದಿಲ್ಲದೆ ನಿದ್ದೆ ಬರದಂತಾಯಿತು.

ಆ ಗುಡ್ಡದ ಹೊಟ್ಟೆಯೊಳಗೆ ಸುರಂಗ ಕೊರೆದು, ಕೆಳಗಿನ ನೀರನ್ನು ಮೇಲಕ್ಕೆತ್ತಿ, ಮತ್ತೆ ಕೆಳಗೆ ಬಿಟ್ಟು ಕರೆಂಟು ಮಾಡುತ್ತೇವೆಂದು ಕಂಪನಿ ಬಂದಿತ್ತು. ಮೊದಲು ಒಂದು ಪರೀಕ್ಷೆಯ ಸುರಂಗ. ಅದು ಸರಿಯಾದರೆ ದೊಡ್ಡದು.

ಸಂಪರ್ಕಾಧಿಕಾರಿ ಹಾವೇರಿ ಕಡೆಯ ಹುಡುಗ. ಕೆಟ್ಟವನೆಂದು ಇವತ್ತಿಗೂ ಹೇಳಲಾರೆ. ಜಗಲಿ ಹತ್ತುವ ಮೊದಲು ಬೂಟು ಬಿಚ್ಚುತ್ತಿದ್ದ. ನವರಾತ್ರಿಗೆ ಹನ್ನೊಂದೂ ಮನೆಗೆ ಅರಿಶಿನ ಕುಂಕುಮದ ತಟ್ಟೆ ತಂದುಕೊಟ್ಟ. ಕಣ್ಣಿನ ಶಿಬಿರ ಮಾಡಿಸಿದ, ತಾಳಮದ್ದಲೆಗೆ ಮೈಕು ಕೊಡಿಸಿದ. ಯಾರ ಮನೆಯ ನಾಯಿಯ ಹೆಸರೇನು ಎಂಬುದೂ ಅವನಿಗೆ ಬಾಯಿಪಾಠ. "ಅಕ್ಕಾರ, ಒಂದೀಟು ತಂಬುಳಿ ಹಾಕ್ರಿ" ಎಂದು ಕೇಳಿ ಹಾಕಿಸಿಕೊಂಡು ಉಣ್ಣುತ್ತಿದ್ದ.

"ನಿಮ್ಮೂರಿನ ನೀರು ನೀವ ಅಳೀರಿ" ಎಂದ ಅವತ್ತು. "ಬಕೆಟ್ ನಾವು ಹಿಡದ್ರ ಯಾರು ನಂಬ್ತಾರ? ನೀವು ಹಿಡದ್ರ ನಂಬ್ತಾರ."

ಆ ಮಾತು ನನಗೆ ಹಿಡಿಸಿತು. ನಮ್ಮವಳೊಬ್ಬಳ ಕೈಯಲ್ಲಿ ಅಳತೆ ಇದ್ದರೆ ಯಾರೂ ಸುಳ್ಳು ಹೇಳಲಾಗದು ಎಂದುಕೊಂಡೆ. ಗೌರವಧನ ಬೇಡವೆಂದೆ. ಹಾಲಿನ ಡೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮನೆಯವರು ಕೊರಳಿನ ಚೀಟಿ ನೋಡಿ, "ಎಂತದೇ ಇದು, ಎಲೆಕ್ಷನ್ ಡ್ಯೂಟಿ ಬಂತನೇ?" ಎಂದು ನಕ್ಕರು.

ಅವನು ಮನೆಗಳ ಪಟ್ಟಿ ತೋರಿಸುವಾಗ ಅವನ ಡೈರಿಯ ಒಂದು ಪುಟ ಕಂಡಿತು. ಒಂದೊಂದು ಮನೆಯ ಹೆಸರಿನ ಮುಂದೂ ಬಣ್ಣದ ಚುಕ್ಕೆ. ನಮ್ಮನೆಗೆ ಹಸಿರು. ಕೆಲವಕ್ಕೆ ಹಳದಿ. ಗುಡ್ಡಕ್ಕೆ ಎಲ್ಲಕ್ಕಿಂತ ಹತ್ತಿರವಿದ್ದ ಮೇಲಿನಮನೆಗೆ ಮಾತ್ರ ಕೆಂಪು. ಏನಿದು ಎಂದು ಕೇಳಿದೆ.

"ಏನಿಲ್ರಿ, ನೆನಪಿಗೆ" ಎಂದು ಪುಟ ಮಗುಚಿದ. "ಆ ಮ್ಯಾಲಿನ ಮನಿಯವ್ರು ಭಾಳ ಪ್ರಶ್ನಿ ಕೇಳ್ತಾರ. ಅಲ್ಲಿಗೆ ನೀವ ಮೊದ್ಲ ಹೋಗ್ರಿ."

ಯಾರು ಕಂಪನಿಯ ಪರ, ಯಾರು ವಿರೋಧ ಎಂಬ ಲೆಕ್ಕವೆಂದು ಅಷ್ಟಕ್ಕೇ ಅರ್ಥವಾಗಬೇಕಿತ್ತು. ಆಗಲಿಲ್ಲ.

ಅಳತೆಯ ಕ್ರಮ ಹೀಗೆ. ಪ್ರತಿ ಸೋಮವಾರ ಬೆಳಿಗ್ಗೆ ಏಳೂವರೆಗೆ ಹೊರಟು ಮೇಲಿನಿಂದ ಕೆಳಗೆ ಏಳೂ ಅಬ್ಬಿಗೆ ಹೋಗಬೇಕು. ಪೈಪಿನ ಬಾಯಿಗೆ ಬಕೆಟ್ಟು ಒಡ್ಡಿದ ಕ್ಷಣ ಗಡಿಯಾರ ಒತ್ತಬೇಕು, ನೀರು ಗೆರೆ ಮುಟ್ಟಿದ ಕೂಡಲೇ ಮತ್ತೆ ಒತ್ತಬೇಕು. ಹೀಗೆ ಮೂರು ಸಲ. ಮೂರನ್ನೂ ಬರೆದು, ಸರಾಸರಿ ತೆಗೆದು, ಮನೆಯವರ ಸಹಿ, ನನ್ನ ಸಹಿ. ನಂತರ ಪುಟದ ಫೋಟೋ ತೆಗೆದು ಅವನ ಫೋನಿಗೆ ಕಳಿಸುವುದು. ಯಂತ್ರದ ಮೇಲೆ ನನಗೆ ಪೂರ್ತಿ ಭರವಸೆ ಇರಲಿಲ್ಲವಾದ್ದರಿಂದ ಮನಸ್ಸಿನಲ್ಲೇ ಕೇಶವ ನಾರಾಯಣ ಮಾಧವ ಎಂದು ಇಪ್ಪತ್ನಾಲ್ಕು ನಾಮ ಹೇಳಿಕೊಳ್ಳುತ್ತಿದ್ದೆ. ಅವಸರವಿಲ್ಲದೆ ಹೇಳಿದರೆ ನಾಮಕ್ಕೊಂದು ಸೆಕೆಂಡು. ಮೇಲಿನಮನೆ ಅಬ್ಬಿಯಲ್ಲಿ ಮೊದಲ ಸೋಮವಾರ ಇಪ್ಪತ್ತೆರಡು ಸೆಕೆಂಡು. ನಾನು ಉಪೇಂದ್ರ ಎನ್ನುವಾಗ ಬಕೆಟ್ಟು ತುಂಬಿತ್ತು. ಹರಿ, ಶ್ರೀಕೃಷ್ಣ ಎರಡು ಬಾಕಿ.

ಆ ಮೊದಲ ಸೋಮವಾರದ ಹಿಂದಿನ ದಿನ ನಾನೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ. "ನಾಳೆ ಅಳ್ಯಲೆ ಬತ್ತೆ, ಫೋಟೋ ಎಲ್ಲ ತೆಗಿತ. ಅಬ್ಬಿ ಹತ್ರ ಸ್ವಲ್ಪ ಚೊಕ್ಕ ಮಾಡಿ ಇಡಿ, ಅಕ್ಕಾ?" ನೆಂಟರು ಬರುವ ಮನೆಗೆ ಹೇಳುವ ಮಾತಿನಷ್ಟೇ ಸಹಜವಾಗಿ ಹೇಳಿದ್ದೆ.

ಮೇಲಿನಮನೆಯ ಅತ್ತೆ ನನಗೆ ಸಂಬಂಧದಲ್ಲಿ ಏನೂ ಅಲ್ಲ. ಎಪ್ಪತ್ತು ದಾಟಿದವರಾದ್ದರಿಂದ ಕೇರಿಗೆಲ್ಲ ಅತ್ತೆ. ಮಗ, ಸೊಸೆ, ಎರಡು ಮೊಮ್ಮಕ್ಕಳು, ಮೂರು ದನ ಇರುವ ತುಂಬಿದ ಮನೆ. ಅವರ ಅಬ್ಬಿಯ ಹಿಂದೆ ಚಿರೇಕಲ್ಲಿನಲ್ಲಿ ಕಟ್ಟಿದ ಸಣ್ಣ ಗುಂಡಿಯಿದೆ. ಒರತೆ ಅದರಲ್ಲಿ ತಂಗಿ, ಅಲ್ಲಿಂದ ಪೈಪಿಗೆ ಬರುತ್ತದೆ. ಗುಂಡಿಯ ಸಂದಿಯಲ್ಲೊಂದು ಏಡಿ ಇತ್ತು. ಅತ್ತೆ ದಿನಾ ಅದಕ್ಕೆ ನಾಲ್ಕು ಅಗಳು ಅನ್ನ ಹಾಕುತ್ತಿದ್ದರು.

"ಅದೂ ಎಂಗಳ ಮನೆಯದೇಯ" ಎಂದರು ಮೊದಲ ದಿನ. "ಅದು ಇದ್ದು ಅಂದ್ರೆ ನೀರು ಇದ್ದು ಹೇಳಿ ಲೆಕ್ಕ. ಬಾರೆ ತಂಗಿ, ಆಸರಿಗೆ ಎಂತ ಕೊಡ್ಲಿ?"

ನಮ್ಮಲ್ಲಿ ಬಂದವರಿಗೆ ಮೊದಲು ಕೇಳುವುದು ಆಸರಿಗೆ, ಅಂದರೆ ಬಾಯಾರಿಕೆಗೆ. ಬೆಲ್ಲದ ತುಂಡು, ದೊಡ್ಡ ಲೋಟದ ತುಂಬ ನೀರು. ಏಳು ಮನೆಯಲ್ಲಿ ಏಳು ಲೋಟ ಕುಡಿದು ಸೋಮವಾರ ಮಧ್ಯಾಹ್ನ ನನಗೆ ಊಟವೇ ಬೇಡವಾಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಸುರಂಗದ ಕೆಲಸ ಶುರುವಾಯಿತು. ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ಸೈರನ್ನು. ಅದಾದ ಮೇಲೆ ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುವ ಒಂದು ಗುದ್ದು. ಅಡಿಗೆಮನೆಯ ಹಲಗೆಯ ಮೇಲೆ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ದೇವರಕೋಣೆಯಲ್ಲಿ ತೀರ್ಥದ ಉದ್ಧರಣೆ ತಾನಾಗಿ ತಟ್ಟೆಯಿಂದ ಜಾರಿತು. ನಾನು ಅದನ್ನೆತ್ತಿ ತೊಳೆದು ಮೊದಲಿನ ಜಾಗದಲ್ಲೇ ಇಟ್ಟೆ.

ಆದರೆ ರಿಜಿಸ್ಟರಿನಲ್ಲಿ ಏನೂ ಬದಲಾಗಲಿಲ್ಲ. ಮೇಲಿನಮನೆ ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ತೆರಡು. ಉಳಿದವೂ ಹಾಗೆಯೇ. ದೇವರು ದೊಡ್ಡವನು ಎಂದುಕೊಂಡೆ. ಸಂಪರ್ಕಾಧಿಕಾರಿ ನನ್ನ ಅಂಕಿಗಳಿಂದ ಒಂದು ನಕ್ಷೆ ಮಾಡಿಸಿ ತಂದು ತೋರಿಸಿದ. ಏಳು ಬಣ್ಣದ ಏಳು ಗೆರೆಗಳು, ನೂಲು ಹಿಡಿದು ಎಳೆದಷ್ಟು ನೇರ. "ನೋಡ್ರಿ ಅಕ್ಕಾರ, ನಿಮ್ಮ ಕೈಗುಣ" ಎಂದ. ನಾನು ಸಂತೋಷಪಟ್ಟೆ.

ಅದೇ ವಾರ ಪಿಕಪ್ ಗಾಡಿಯಲ್ಲಿ ಒಂದು ಕರೀ ಪ್ಲಾಸ್ಟಿಕ್ ಟ್ಯಾಂಕು ಬಂತು. ಕೇರಿಯ ತಿರುವಿನಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ ಅದನ್ನು ಕೂರಿಸಿದರು. ಹಗಲು ರಾತ್ರಿ ನೀರು ಬೀಳುವ ಊರಿಗೆ ಟ್ಯಾಂಕು ಯಾಕಪ್ಪಾ ಎಂದು ಕೇಳಿದರೆ ಸಂಪರ್ಕಾಧಿಕಾರಿ, "ಇರ್ಲಿ ಬಿಡ್ರಿ, ಮದುವಿ ಮುಂಜಿವಿಗೆ ಆಗ್ತೈತಿ" ಎಂದ. ಗಾಡಿಯ ಡ್ರೈವರ್ ಶಿರಸಿಯ ಸಾಬರು, ವಯಸ್ಸಾದವರು. ನಾನು ಕೊಟ್ಟ ಚಹಾ ಕುಡಿಯುತ್ತ ಅವರು ಮಾತಿಗೆ ಮಾತು ಹೇಳಿಬಿಟ್ಟರು.

"ಇದು ಮೊದಲನೇದು ಅಮ್ಮಾ. ಇನ್ನೂ ಆರು ಗೋದಾಮಿನಲ್ಲಿ ಇದಾವೆ. ಏಳೂ ಇದೇ ಊರಿಗೆ ಅಂತ ಬರೆದಿಟ್ಟಿದಾರೆ."

ಏಳು ಅಬ್ಬಿ, ಏಳು ಟ್ಯಾಂಕು. ಅವತ್ತು ರಾಮನಾಮ ಬರೆಯಲು ಕೂತವಳಿಗೆ ಎರಡು ಸಾಲು ತಪ್ಪಿತು.

ಫಾಲ್ಗುಣದಲ್ಲಿ ಉಮ್ಮಚಗಿಯ ನನ್ನ ತಂಗಿ ಬಂದಳು. ಇಬ್ಬರೂ ಸ್ವರ್ಣವಲ್ಲಿ ಮಠಕ್ಕೆ ಹೋಗಿ ಮಂತ್ರಾಕ್ಷತೆ ತಂದೆವು. ಮೇಲಿನಮನೆ ಅತ್ತೆಗೆ ಮಂಡಿನೋವು, ಅವರು ಹೋಗಲಾರರು. ಅವರಿಗೂ ಒಂದು ಪೊಟ್ಟಣ ಕೊಟ್ಟುಬರೋಣವೆಂದು ಬುಧವಾರ ಬೆಳಿಗ್ಗೆ ಗುಡ್ಡ ಹತ್ತಿದೆ.

ಬೇಲಿಯ ದಣಪೆ ದಾಟಿ ಹಿತ್ತಿಲಿಗೆ ಕಾಲಿಟ್ಟಾಗ ಏನೋ ತಪ್ಪಿದ ಹಾಗೆನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸದ್ದಿರಲಿಲ್ಲ.

ಅಬ್ಬಿಯ ಬಾಯಿಂದ ಕಿರುಬೆರಳಿನಷ್ಟೂ ಇಲ್ಲದ ನೀರು ಕಲ್ಲಿಗೆ ಅಂಟಿಕೊಂಡು ಇಳಿಯುತ್ತಿತ್ತು. ಅತ್ತೆಯ ಸೊಸೆ ಅದಕ್ಕೆ ಬಾಳೆಲೆಯ ತುಂಡು ಸಿಕ್ಕಿಸಿ, ಕೊಡಪಾನ ಒಡ್ಡಿ, ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಕೊಡ ತುಂಬುವುದರೊಳಗೆ ಒಂದು ಹಿಡಿ ಬೀನ್ಸು ಮುಗಿಯುವಷ್ಟು ನಿಧಾನ. ನನ್ನನ್ನು ಕಂಡವಳೇ ಗಾಬರಿಯಿಂದ ಎದ್ದಳು. "ಅಯ್ಯ, ಅಕ್ಕ! ಇವತ್ತು ಸೋಮವಾರ ಅಲ್ದಲೇ!"

ಅತ್ತೆ ಹೊರಗೆ ಬಂದರು. ನಾನು ಅಬ್ಬಿಯತ್ತ ಕೈ ತೋರಿಸಿದೆ.

"ಅದೆಂತ ಹೊಸತನೇ? ಶಿವರಾತ್ರಿಗೆ ಮುಂಚಿಂದ ಹೀಂಗೇಯ" ಎಂದರು ಅತ್ತೆ. "ನೀನು ಸೋಮವಾರ ಬತ್ತೆ ಹೇಳಿ ಆಯ್ತವಾರ ಮಧ್ಯಾಹ್ನವೇ ಪೈಪಿಗೆ ಬಟ್ಟೆ ತುರುಕಿ ಗುಂಡಿಲಿ ನೀರು ಕಟ್ಟಿ ಇಡ್ತ್ಯ. ನೀನು ದಣಪೆ ದಾಟಿದ್ದು ಕಂಡ ಕೂಡ್ಲೆ ಈ ಸೊಸೆ ಹೋಗಿ ಬಟ್ಟೆ ತೆಗಿತು."

"ಎಂತಕ್ಕೆ ಅತ್ತೆ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕೊಡ ಹಿಡ್ಕಂಡು ಬಂದವಕ್ಕೆ ಬರಿ ಅಬ್ಬಿ ತೋರ್ಸಲಾಗ್ತಾ? ಅದೂ ಸೋಮವಾರ, ಮುತ್ತೈದೆ. ನೀನೇ ಹೇಳಿದ್ದಲ್ದನೇ, ಚೊಕ್ಕ ಮಾಡಿ ಇಡಿ ಹೇಳಿ? ಆಯ್ತವಾರ ಎಂಗ ಮೀಯದೇ ಬಿಟ್ಟಿದ್ಯ. ಮಕ್ಕಳ ಬಟ್ಟೆನೂ ತೊಳಿತ್ವಿಲ್ಲೆ. ನಿನ್ನ ಬಕೆಟ್ಟಿಗೆ ಕಮ್ಮಿ ಆಪ್ಪಲಾಗ."

ಬರಿಗೊಡ ಎದುರಾದರೆ ಅಪಶಕುನ, ತುಂಬಿದ ಕೊಡ ಎದುರಾದರೆ ಶುಭ. ನನ್ನ ಅಜ್ಜಿ ಕಲಿಸಿದ್ದೂ ಅದನ್ನೇ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಕುಟುಂಬವೊಂದು ಸ್ನಾನ ಬಿಟ್ಟು ಉಳಿಸಿದ ನೀರನ್ನು ನಾನು ಮೂರು ಸಲ ಬಕೆಟ್ಟಿಗೆ ತುಂಬಿ, ಚೆಲ್ಲಿ, ಮೇಲೊಂದು ಲೋಟ ಆಸರಿಗೆ ಕುಡಿದು ಬರುತ್ತಿದ್ದೆ. ಆ ಲೆಕ್ಕವನ್ನೇ ಕಂಪನಿ ನೇರ ಗೆರೆಯಾಗಿ ಎಳೆದಿತ್ತು.

ಗುಂಡಿಯ ಸಂದಿ ನೋಡಿದೆ. ಏಡಿ ಇರಲಿಲ್ಲ. ಒಂದು ಕಾಲು ಮಾತ್ರ ಬಿದ್ದಿತ್ತು, ಒಣಗಿ ಬಿಳಿಚಿಕೊಂಡು.

ಅವತ್ತೇ ಉಳಿದ ಮನೆಗಳಿಗೂ ಹೋದೆ. ಕೆಳಗಿನ ಮೂರು ಅಬ್ಬಿ ಸರಿಯಿದ್ದವು. ಮೇಲಿನ ನಾಲ್ಕರಲ್ಲೂ ಇದೇ ಕಥೆ. ಒಂದು ಮನೆಯಲ್ಲಿ ಅಡಿಕೆ ಹಾಳೆ ಸಿಕ್ಕಿಸಿ ನೀರು ಕಟ್ಟುತ್ತಿದ್ದರು, ಇನ್ನೊಂದರಲ್ಲಿ ಕೊಟ್ಟಿಗೆಯ ಪೈಪು ಮುಚ್ಚುತ್ತಿದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ. ನೀರು ಕಮ್ಮಿಯಾಯಿತು ಎಂದು ಬಾಯಿಬಿಟ್ಟು ಹೇಳುವುದಕ್ಕೆ ಎಲ್ಲರಿಗೂ ಹೆದರಿಕೆ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬಂತೆ.

ಬರುವ ಮಂಗಳವಾರ ಶಾಲೆಯಲ್ಲಿ ಅಹವಾಲು ಸಭೆ. ದೊಡ್ಡ ಸುರಂಗಕ್ಕೆ ಒಪ್ಪಿಗೆಯ ಮಾತು ಅಲ್ಲೇ. ಕಂಪನಿಯವರು ಪರದೆಯ ಮೇಲೆ ತೋರಿಸಲಿದ್ದುದು ನನ್ನ ನಕ್ಷೆ.

ಸಂಪರ್ಕಾಧಿಕಾರಿಗೆ ಫೋನು ಮಾಡಿದೆ. ಸಂಜೆಯೇ ಬಂದ. ಪೂರ್ತಿ ಕೇಳಿದ.

"ಅಕ್ಕಾರ, ಬ್ಯಾಸಗಿ ಅಲ್ರಿ. ನೀರು ಇಳೀತಾವ."

"ಇಲ್ಲಿ ವೈಶಾಖದಲ್ಲೂ ಇಷ್ಟು ಇಳಿಯುವುದಿಲ್ಲ ತಮ್ಮಾ."

"ಫೈಲ್ ಹೋಗ್ಯದ್ರಿ ಮ್ಯಾಲ." ದನಿ ತಗ್ಗಿಸಿದ. "ಈಗ ನೀವು ತಪ್ಪು ಅಂದ್ರ ಏನಾಗ್ತದ ಗೊತ್ತೇನ್ರಿ? ಹೆಣ್ಮಕ್ಕಳು ಸುಳ್ಳು ಬರದಾರ ಅಂತಾರ. ನಾಳೆ ನೀವು ಖರೇನ ಬರದ್ರೂ ನಂಬೂದಿಲ್ಲ. ಸುಮ್ನಿರ್ರಿ. ಟ್ಯಾಂಕರ್ ನೀರಿಗೆ ನಾ ಜವಾಬ್ದಾರಿ."

ಟ್ಯಾಂಕರಿನ ಮಾತು ಅವನಾಗಿಯೇ ತೆಗೆದ. ನಾನು ಕೇಳಿರಲಿಲ್ಲ.

ಅವನು ಹೋದ ಮೇಲೆ ನಮ್ಮನೆಯವರು, "ಅಂವ ಹೇಳದು ಪೂರ್ತಿ ಸುಳ್ಳಲ್ಲ" ಎಂದರು. "ಎಲ್ಲಾ ನಿನ್ನ ಸಹಿಯೇ. ಎದ್ದು ನಿಂತ್ರೆ ಮೊದ್ಲು ಬೀಳೂದು ನೀನೇಯ."

ಅದು ನನಗೂ ಗೊತ್ತಿತ್ತು. ಬೀಳುವುದೇ ಆದರೆ ಬರಿಗೈಯಲ್ಲಿ ಬೀಳುವುದು ಬೇಡ ಎಂದಷ್ಟೇ ಯೋಚಿಸಿದೆ. ದೇವರ ಮುಂದೆ ಕೂತು ಯಾವ ಹರಕೆಯನ್ನೂ ಹೊರಲಿಲ್ಲ. ರಿಜಿಸ್ಟರಿನ ಹೊಸ ಪುಟಕ್ಕೆ ಗೆರೆ ಹಾಕಿದೆ.

ಗುರುವಾರದಿಂದ ಸೋಮವಾರದವರೆಗೆ ಐದು ದಿನ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದೆ. ಹೊತ್ತನ್ನು ಯಾರಿಗೂ ಮೊದಲೇ ಹೇಳಲಿಲ್ಲ. ಬಕೆಟ್ಟು ನಾನು ಹಿಡಿಯಲಿಲ್ಲ, ಆಯಾ ಮನೆಯ ಹೆಂಗಸರ ಕೈಯಲ್ಲೇ ಹಿಡಿಸಿದೆ, ಗಡಿಯಾರವನ್ನೂ ಅವರಿಂದಲೇ ಒತ್ತಿಸಿದೆ. ಗುಂಡಿಯಲ್ಲಿ ನೀರು ಕಟ್ಟಿಲ್ಲವೆಂದು ನೋಡಿದ ಮೇಲೇ ಅಳತೆ. ಅತ್ತೆಗೆ ಮೊದಲ ದಿನ ಕೋಪ ಬಂತು. "ಎಂಗಳ ಮರ್ಯಾದೆ ತೆಗಿತ್ಯನೇ?" ಎಂದು ಒಳಗೆ ಹೋಗಿ ಕೂತರು. ಆಸರಿಗೆ ಕೇಳಲಿಲ್ಲ. ಸೊಸೆ ಬಕೆಟ್ಟು ಹಿಡಿದಳು. ಒಂದು ನಿಮಿಷ ಐವತ್ತು ಸೆಕೆಂಡು. ಶನಿವಾರ ಎರಡು ನಿಮಿಷ ದಾಟಿತು. ಭಾನುವಾರ ಸಂಜೆ ಅತ್ತೆ ತಾವೇ ಬಂದು ಕಲ್ಲಿನ ಮೇಲೆ ಕೂತು ಗಡಿಯಾರ ಇಸಕೊಂಡರು. ಬಕೆಟ್ಟು ತುಂಬಿದ ಕ್ಷಣ ತಾವೇ ಒತ್ತಿದರು. ಆಮೇಲೆ, "ಬರಿ. ಇದ್ದದ್ದೇ ಬರಿ" ಎಂದರು.

ಸಭೆಯಲ್ಲಿ ಪರದೆಯ ಮೇಲೆ ನನ್ನ ಏಳು ಗೆರೆಗಳು ಹೊಳೆದವು. ಕೆಳಗೆ ನನ್ನದೇ ಫೋಟೋ, ಬಕೆಟ್ಟು ಹಿಡಿದು ನಗುತ್ತಿರುವುದು. ಕಂಪನಿಯ ಹಿರಿಯ ಎಂಜಿನಿಯರು, "ಇದು ಈ ಊರಿನ ತಾಯಂದಿರೇ ಮಾಡಿದ ಅಳತೆ" ಎಂದಾಗ ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ. ಮುಂದಿನ ಬೆಂಚು ಹಿಡಿದುಕೊಂಡೆ.

"ಆ ಅಳತೆ ತಪ್ಪು" ಎಂದೆ. ಯಾಕೆ ತಪ್ಪು ಎಂಬುದನ್ನು ಚೊಕ್ಕ ಮಾಡಿಡಿ ಎಂದ ನನ್ನ ಮಾತಿನಿಂದ ಹಿಡಿದು ಹೇಳಿದೆ. ಆಮೇಲೆ ಐದು ದಿನದ ಹೊಸ ಅಂಕಿಗಳನ್ನು ಓದಿದೆ.

ಎಂಜಿನಿಯರು ಸಿಟ್ಟು ಮಾಡಲಿಲ್ಲ. ಮುಗುಳ್ನಕ್ಕು, "ಅಮ್ಮಾ, ಮೊದಲಿನದು ತಪ್ಪು ಅಂತ ನೀವೇ ಒಪ್ಪುತ್ತೀರಿ. ಎರಡನೆಯದನ್ನು ನಾವು ಹೇಗೆ ನಂಬೋಣ?" ಎಂದರು.

ಹಿಂದಿನ ಸಾಲಿನಿಂದ ಮೇಲಿನಮನೆ ಅತ್ತೆಯ ದನಿ ಬಂತು. "ನಂಬಡ ಮಾರಾಯಾ. ನೀನೇ ಬಾ, ನೀನೇ ಕೊಡ ಹಿಡಿ. ಆದ್ರೆ ಬಪ್ಪ ದಿನ ಹೇಳಡ. ಹೇಳಿದ್ರೆ ಎಂಗ ಮತ್ತೆ ಕಟ್ಟಿ ಇಡ್ತ್ಯ!"

ಸಭೆಯೆಲ್ಲ ನಕ್ಕಿತು. ಆ ನಗುವಿನಲ್ಲಿ ನನಗೆ ಧೈರ್ಯ ಬಂತು.

"ಒಂದು ಕೇಳುತ್ತೇನೆ" ಎಂದೆ. "ನಾನು ಅಡಿಗೆಮನೆಯವಳು, ನನಗೆ ತಿಳಿಯಲಿಲ್ಲ. ನೀವು ನೀರಿನ ವಿದ್ಯೆ ಓದಿದವರು. ಮಾಘದಲ್ಲಿ ಇಪ್ಪತ್ತೆರಡು, ಫಾಲ್ಗುಣದ ಬಿಸಿಲಿನಲ್ಲೂ ಇಪ್ಪತ್ತೆರಡು. ಕೂದಲೆಳೆಯಷ್ಟೂ ಇಳಿಯದ ಒರತೆ ನೋಡಿ ನಿಮಗೆ ಅನುಮಾನ ಬರಲಿಲ್ಲವೇ?"

ಅವರು ಪರದೆಯತ್ತ ತಿರುಗಿದರು. ಸಂಪರ್ಕಾಧಿಕಾರಿ ಗೋಡೆಗೊರಗಿ ನಿಂತಿದ್ದ. ನಾನು ನೋಡಿದಾಗ ಮುಖ ಕೆಳಗೆ ಹಾಕಿದ. ಮೇಜಿನ ಹಿಂದಿದ್ದ ಸರಕಾರಿ ಅಧಿಕಾರಿ, ಅಳತೆಗೆ ಆಕ್ಷೇಪಣೆ ಇದೆ, ಮತ್ತೆ ಪರಿಶೀಲಿಸಬೇಕು ಎಂದು ಬರೆಸಿದರು. ಒಪ್ಪಿಗೆಯ ಮಾತು ಅವತ್ತಿಗೆ ಮುಂದೆ ಹೋಯಿತು. ಅಷ್ಟಾದರೂ ಆಯಿತು.

ಮರುವಾರ ಬೇರೆ ಯಾರೋ ಬಂದರು. ಬೂಟು ಬಿಚ್ಚಲಿಲ್ಲ. ಇನ್ನು ತಾನಾಗಿ ಅಳೆಯುವ ಯಂತ್ರ ಕೂರಿಸುತ್ತೇವೆ, ನಿಮಗೆ ತೊಂದರೆ ಬೇಡ ಎಂದು ಬಕೆಟ್ಟು, ಗಡಿಯಾರ, ರಿಜಿಸ್ಟರು ಪಟ್ಟಿ ಮಾಡಿ ವಾಪಸು ಪಡೆದರು. ಹೊಸ ಪುಟಗಳ ನಕಲನ್ನು ನಾನು ಮೊದಲೇ ಕಾನಸೂರಿನಲ್ಲಿ ತೆಗೆಸಿಟ್ಟುಕೊಂಡಿದ್ದೆ. ಹಾವೇರಿಯ ಹುಡುಗನನ್ನು ಬೇರೆಡೆ ಹಾಕಿದರಂತೆ. ಯಂತ್ರ ಇನ್ನೂ ಬಂದಿಲ್ಲ. ಉಳಿದ ಆರು ಟ್ಯಾಂಕು ಬಂದಿವೆ. ಪರೀಕ್ಷೆಯ ಸುರಂಗಕ್ಕೆ ಮೊದಲೇ ಅನುಮತಿ ಇದೆಯಂತೆ, ಅದು ನಿಲ್ಲುವುದಿಲ್ಲವಂತೆ. ಹನ್ನೆರಡಕ್ಕೆ, ಐದಕ್ಕೆ ಸೈರನ್ನು. ಗುದ್ದು ಈಗ ಮೊದಲಿಗಿಂತ ಹತ್ತಿರದಲ್ಲಿ ಬೀಳುತ್ತದೆ.

ಕೆಳಗಿನ ಮೂರು ಅಬ್ಬಿ ಇನ್ನೂ ಬೀಳುತ್ತಿವೆ. ಮೇಲಿನಮನೆಯ ದನಗಳನ್ನು ನಮ್ಮ ಹಿತ್ತಿಲಿಗೆ ಹೊಡೆದುಕೊಂಡು ಬಂದು ನೀರು ಕುಡಿಸುತ್ತಾರೆ. ಅತ್ತೆ ನನ್ನೊಡನೆ ಮಾತು ಬಿಡಲಿಲ್ಲ. ಇವುಗಳ ಲೆಕ್ಕವನ್ನು ದಿನಾ ದೇವರಿಗೆ ಒಪ್ಪಿಸುತ್ತೇನೆ.

ಈ ಸೋಮವಾರವೂ ಹೋಗಿದ್ದೆ. ಬಕೆಟ್ಟಿಲ್ಲ, ಗಡಿಯಾರವಿಲ್ಲ. ನಮ್ಮನೆಯ ಹಿತ್ತಾಳೆ ಕೊಡಪಾನ ಒಯ್ದಿದ್ದೆ, ಅದಕ್ಕೂ ಹತ್ತೇ ಲೀಟರು ಹಿಡಿಯುತ್ತದೆ. ಅತ್ತೆ ಬೆಲ್ಲದ ತುಂಡು ಕೈಗೆ ಕೊಟ್ಟರು. ಲೋಟ ತರಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಕಲ್ಲಿನ ಮೇಲೆ ಕೂತೆವು. ಕೊಡ ಒಡ್ಡಿ ಕೇಶವ ಎಂದು ಶುರುಮಾಡಿದೆ. ಅತ್ತೆ ಒಂದೊಂದು ಸುತ್ತಿಗೆ ಒಂದೊಂದು ಬೆರಳು ಮಡಚಿದರು. ಮೊದಲ ಸೋಮವಾರ ಹರಿ, ಶ್ರೀಕೃಷ್ಣ ಉಳಿದಿದ್ದವು. ಈಗ ಇಪ್ಪತ್ನಾಲ್ಕೂ ಮುಗಿದು ಮತ್ತೆ ಕೇಶವ, ಮತ್ತೆ ಕೇಶವ. ಅತ್ತೆಯ ಎರಡೂ ಕೈಯ ಬೆರಳು ಮಡಚಿ ಮುಗಿದವು. ಕೊಡದೊಳಗೆ ಇಣುಕಿದೆ. ನೀರು ಇನ್ನೂ ಕಂಠಕ್ಕೆ ಬಂದಿರಲಿಲ್ಲ.

"ನಿಲ್ಸಡ" ಎಂದರು ಅತ್ತೆ, ಮಡಚಿದ ಬೆರಳುಗಳನ್ನು ಬಿಡಿಸುತ್ತ. "ಹೇಳ್ತಾ ಇರು."